ಜರ್ಮನಿಯ ಬಂದರು ಊರಿಗೆ ಮಕ್ಕಳನ್ನು ಕಳುಹಿಸುವ ಮುನ್ನ

 



ಗಾಜನೂರು, ಶಿವಮೊಗ್ಗ, ಭದ್ರಾವತಿಯ ನಮ್ಮ ಮನೆಗಳಲ್ಲಿ 'ಮಗ ಹೊರಗೆ ಹೋಗಿದ್ದಾನೆ' ಎಂದರೆ ಬಹಳ ಕಾಲ ಒಂದೇ ಅರ್ಥವಿತ್ತು: ಸೌದಿ, ದುಬೈ, ಕತಾರ್. ಈಗ ಜರ್ಮನಿಯ ಹೆಸರೂ ಕೇಳಿಬರುತ್ತಿದೆ. ಇಂಜಿನಿಯರಿಂಗ್ ಮುಗಿಸಿದ ಹುಡುಗ ಎಂ.ಎಸ್. ಓದಲು ಹೊರಡುತ್ತಾನೆ, ನರ್ಸಿಂಗ್ ಕಲಿತ ಹುಡುಗಿ ಅಲ್ಲಿನ ಆಸ್ಪತ್ರೆಯ ಕೆಲಸ ಹುಡುಕುತ್ತಾಳೆ. ಮನೆಯವರಿಗೆ ಸಂತೋಷ, ಜೊತೆಗೆ ಆತಂಕ. ದುಆ ಮಾಡಿ ಎಂದು ನಮ್ಮ ಬಳಿ ಬರುತ್ತಾರೆ. ದುಆ ಖಂಡಿತ ಮಾಡುತ್ತೇವೆ. ಆದರೆ ಆ ಊರಿನ ಬದುಕು ಎಂಥದ್ದು, ಅಲ್ಲಿ ಏನು ಬೇಕು, ಏನು ಸಿಗದು ಎಂಬುದನ್ನು ತಿಳಿಯದೆ ಒಡವೆ ಅಡವಿಟ್ಟು ಕಳುಹಿಸುವವರನ್ನು ಕಂಡಾಗ ದುಆದ ಜೊತೆಗೆ ತಿಳಿವಳಿಕೆಯನ್ನೂ ಕೊಡಬೇಕೆನಿಸುತ್ತದೆ.

ಗಲ್ಫ್‌ನ ಅನುಭವವನ್ನೇ ಜರ್ಮನಿಗೂ ಅಳತೆಗೋಲು ಮಾಡಿಕೊಳ್ಳುವುದರಿಂದ ಬಹಳ ತೊಂದರೆಗಳು ಹುಟ್ಟುತ್ತವೆ. ಗಲ್ಫ್‌ನಲ್ಲಿ ಉರ್ದು, ಹಿಂದಿ, ಮಲಯಾಳಂ ಬಂದರೆ ದಿನ ಸಾಗುತ್ತದೆ. ಕಂಪನಿ ವೀಸಾ ಕೊಡುತ್ತದೆ, ಎಷ್ಟೋ ಕಡೆ ರೂಮನ್ನೂ ಕೊಡುತ್ತದೆ. ಸಂಬಳಕ್ಕೆ ತೆರಿಗೆ ಇಲ್ಲ. ಐದು ಹೊತ್ತು ಅಝಾನ್ ಕಿವಿಗೆ ಬೀಳುತ್ತದೆ. ದುಡಿದು, ಕಳುಹಿಸಿ, ಒಂದು ದಿನ ಊರಿಗೆ ಮರಳುವ ಬದುಕು ಅದು. ಜರ್ಮನಿಯಲ್ಲಿ ಭಾಷೆ ಬೇರೆ, ಮನೆಯನ್ನು ತಾನೇ ಹುಡುಕಬೇಕು, ತೆರಿಗೆ ಮತ್ತು ವಿಮೆ ಸಂಬಳದಲ್ಲೇ ಕಡಿತವಾಗುತ್ತವೆ, ಬಹುಪಾಲು ಊರುಗಳಲ್ಲಿ ಹೊರಗೆ ಅಝಾನ್ ಕೇಳಿಸದು. ಆದರೆ ಅಲ್ಲಿ ನೆಲೆನಿಲ್ಲುವ ದಾರಿ ಇದೆ. 2024ರ ಕಾನೂನಿನ ಪ್ರಕಾರ ಐದು ವರ್ಷ ಕಾಯಿದೆಬದ್ಧವಾಗಿ ನೆಲೆಸಿ, ಸ್ವಂತ ದುಡಿಮೆಯಲ್ಲಿ ಬದುಕಿ, ಭಾಷೆ ಕಲಿತವರು ಅಲ್ಲಿನ ಪೌರತ್ವಕ್ಕೂ ಅರ್ಜಿ ಹಾಕಬಹುದು. ಹಾಗೆ ಪೌರತ್ವ ಪಡೆದವರು ಭಾರತದ ಪೌರತ್ವ ಬಿಡಬೇಕಾಗುತ್ತದೆ. ನಮ್ಮ ದೇಶ ಎರಡು ಪೌರತ್ವವನ್ನು ಒಪ್ಪುವುದಿಲ್ಲ.

ಒಂದು ಊರನ್ನೇ ಉದಾಹರಣೆಯಾಗಿ ಇಟ್ಟುಕೊಂಡರೆ ವಿಷಯ ಸುಲಭವಾದೀತು.

ಭದ್ರಾವತಿಗಿಂತ ಚಿಕ್ಕ ಊರು

ಜರ್ಮನಿಯ ಉತ್ತರ ತುದಿಯಲ್ಲಿ ವೇಸರ್ ನದಿ ಸಮುದ್ರ ಸೇರುವ ಜಾಗದಲ್ಲಿ ಬ್ರೆಮರ್‌ಹಾಫನ್ ಎಂಬ ಬಂದರು ಇದೆ. ದೊಡ್ಡ ನಗರ ಬ್ರೆಮೆನ್ ಅಲ್ಲಿಂದ ಸುಮಾರು 60 ಕಿಲೋಮೀಟರ್. 2011ರ ಜನಗಣತಿಯಲ್ಲಿ ನಮ್ಮ ಭದ್ರಾವತಿಯ ಜನಸಂಖ್ಯೆ ಒಂದೂವರೆ ಲಕ್ಷ. ಬ್ರೆಮರ್‌ಹಾಫನ್‌ನದು ಒಂದು ಲಕ್ಷ ಹದಿನೈದು ಸಾವಿರದ ಆಸುಪಾಸು. ಜರ್ಮನಿ ಎಂದೊಡನೆ ಗಗನಚುಂಬಿ ಕಟ್ಟಡಗಳನ್ನು ಕಲ್ಪಿಸಿಕೊಂಡು ಹೋದ ಹುಡುಗ ಅಲ್ಲಿ ಇಳಿದ ಮೊದಲ ಸಂಜೆ, ಅಂಗಡಿ ಮುಚ್ಚಿ ಬೀದಿ ಖಾಲಿಯಾಗಿರುವುದನ್ನು ಕಂಡು ಬೆರಗಾಗುತ್ತಾನೆ.

ಕಾರುಗಳ ಸಾಗಣೆಗೂ ಕಂಟೇನರ್ ಹಡಗುಗಳಿಗೂ ಈ ಬಂದರು ಹೆಸರುವಾಸಿ. ಮೀನು ಸಂಸ್ಕರಣೆ ಅಲ್ಲಿನ ಹಳೆಯ ಉದ್ಯಮ. ಸಮುದ್ರ ಮತ್ತು ಧ್ರುವ ಪ್ರದೇಶಗಳ ಸಂಶೋಧನೆಗೆ ಹೆಸರಾದ ಆಲ್ಫ್ರೆಡ್ ವೇಗೆನರ್ ಸಂಸ್ಥೆ ಅಲ್ಲಿದೆ. ಊರಿಗೆ ತನ್ನದೇ ಉನ್ನತ ಶಿಕ್ಷಣ ಸಂಸ್ಥೆ ಇದೆ. ಭಾರತದ ವಿದ್ಯಾರ್ಥಿಗಳೂ ಅಲ್ಲಿ ಓದುತ್ತಾರೆ.

ಅದರ ಇನ್ನೊಂದು ಮುಖವನ್ನು ಭದ್ರಾವತಿಯವರು ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಹಡಗು ಕಟ್ಟುವ ಯಾರ್ಡ್‌ಗಳು ಮತ್ತು ಆಳಸಮುದ್ರ ಮೀನುಗಾರಿಕೆ ಕುಗ್ಗಿದ ಮೇಲೆ ಆ ಊರಿನ ಎಷ್ಟೋ ಮನೆಗಳ ಒಲೆ ತಣ್ಣಗಾಯಿತು. ಬ್ರೆಮರ್ ವುಲ್ಕನ್ ಎಂಬ ಹಡಗು ಕಂಪನಿ 1996ರಲ್ಲಿ ದಿವಾಳಿಯಾದಾಗ ಅದರ ಪೆಟ್ಟು ಇಲ್ಲಿಗೂ ಬಿತ್ತು. ಕಬ್ಬಿಣದ ಕಾರ್ಖಾನೆಯ ಏರಿಳಿತ, ಕಾಗದದ ಕಾರ್ಖಾನೆಯ ಯಂತ್ರಗಳ ಮೌನ, ಇವೆಲ್ಲ ಒಂದು ಊರಿಗೆ ಏನು ಮಾಡುತ್ತವೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜರ್ಮನಿಯ ಬೇರೆ ಊರುಗಳಿಗಿಂತ ಅಲ್ಲಿ ಮನೆ ಬಾಡಿಗೆ ಕಡಿಮೆ, ಆದರೆ ನಿರುದ್ಯೋಗ ಹೆಚ್ಚು. ಆದ್ದರಿಂದ 'ಹೋದ ಕೂಡಲೇ ಪಾರ್ಟ್‌ಟೈಮ್ ಕೆಲಸ ಗ್ಯಾರಂಟಿ' ಎಂಬ ಏಜೆಂಟರ ಮಾತನ್ನು ನಂಬಬೇಡಿ.

ಇದೇ ಬಂದರಿನಿಂದ 1830ರಿಂದ 1974ರವರೆಗೆ 70 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ಅಮೆರಿಕ ಮುಂತಾದ ದೇಶಗಳಿಗೆ ವಲಸೆ ಹೋದರು. ಅವರ ನೆನಪಿಗಾಗಿ 2005ರಲ್ಲಿ ಅಲ್ಲಿ ವಲಸಿಗರ ವಸ್ತುಸಂಗ್ರಹಾಲಯವೇ ತೆರೆದಿದೆ. ಬಡತನ, ಹಸಿವು, ಕಿರುಕುಳ ತಾಳಲಾರದೆ ಪೆಟ್ಟಿಗೆ ಹೊತ್ತು ಹೊರಟವರು ಒಂದು ಕಾಲಕ್ಕೆ ಯುರೋಪಿನವರೇ ಆಗಿದ್ದರು. ಪರದೇಶಿಯಾಗುವುದು ನಾಚಿಕೆಯ ವಿಷಯವಲ್ಲ. ಭದ್ರಾವತಿ ಕೂಡ 1923ರಲ್ಲಿ ಕಬ್ಬಿಣ ಉತ್ಪಾದನೆ ಶುರುವಾದ ಮೇಲೆ ತಮಿಳು, ತೆಲುಗು, ಮಲಯಾಳಂ, ಉರ್ದು ಮಾತಾಡುವ ಕೂಲಿ ಕುಟುಂಬಗಳಿಂದ ಬೆಳೆದ ಊರು.

ಭಾಷೆಯೇ ಮೊದಲ ಬುತ್ತಿ

ಜರ್ಮನಿಗೆ ಹೋಗುವವರಿಗೆ ಅಗತ್ಯವಾದದ್ದು ಏನೆಂದು ಯಾರಾದರೂ ಕೇಳಿದರೆ ನಾವು ಹೇಳುವುದು ಒಂದೇ: ಭಾಷೆ. 'ಕೋರ್ಸ್ ಇಂಗ್ಲಿಷಿನಲ್ಲೇ ಇದೆಯಲ್ಲ' ಎನ್ನುತ್ತಾರೆ. ಕೋರ್ಸ್ ಇಂಗ್ಲಿಷಿನಲ್ಲಿರಬಹುದು, ಬಾಡಿಗೆ ಕರಾರು, ಕಚೇರಿಯ ಪತ್ರ, ಡಾಕ್ಟರ ಚೀಟಿ, ಕೆಲಸದ ಸಂದರ್ಶನ, ಪಕ್ಕದ ಮನೆಯ ಮುದುಕಿಯ ಮಾತು ಇಂಗ್ಲಿಷಿನಲ್ಲಿ ಇರುವುದಿಲ್ಲ. ಇಂಥ ಚಿಕ್ಕ ಬಂದರು ಊರಿನಲ್ಲಂತೂ ಭಾಷೆ ಬಾರದವನಿಗೆ ಓದು ಮುಗಿದ ಮೇಲೆ ಕೆಲಸ ಸಿಗುವುದು ಬಹಳ ಕಷ್ಟ.

ಜರ್ಮನ್ ಕಲಿಕೆಯಲ್ಲಿ ಎ-1ರಿಂದ ಸಿ-2ವರೆಗೆ ಆರು ಹಂತಗಳಿವೆ. ಎ-1 ಎಂದರೆ ಹೆಸರು, ಊರು, ಬೆಲೆ, ದಾರಿ ಕೇಳುವಷ್ಟು. ನರ್ಸ್ ಆಗಿ ದುಡಿಯಬೇಕಾದರೆ ಬಿ ಹಂತ ದಾಟದೆ ಆಗದು. ರೋಗಿಯ ನೋವು ಎಲ್ಲಿ ಎಂದು ತಿಳಿಯದೆ ಔಷಧ ಕೊಡಲಾದೀತೇ? ಮದುವೆಯಾಗಿ ಗಂಡನ ಬಳಿಗೆ ಹೋಗುವ ಹೆಣ್ಣುಮಗಳಿಗೂ ಸಾಮಾನ್ಯವಾಗಿ ವೀಸಾಕ್ಕೆ ಮುಂಚೆ ಎ-1 ಪರೀಕ್ಷೆ ಪಾಸಾಗಿರಬೇಕು. ಗಂಡನ ವೀಸಾದ ಬಗೆ ನೋಡಿ ಕೆಲವರಿಗೆ ವಿನಾಯಿತಿ ಉಂಟು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಕೆಯೂ ಪರೀಕ್ಷೆಯೂ ನಡೆಯುತ್ತವೆ. ಹೊರಡುವ ಮುಂಚೆ ಒಂದು ವರ್ಷ ಭಾಷೆಗೆ ಕೊಟ್ಟರೆ, ಅಲ್ಲಿ ಹೋಗಿ ಕಳೆದುಕೊಳ್ಳುವ ಮೂರು ವರ್ಷ ಉಳಿಯುತ್ತದೆ.

ಪ್ರವಾದಿ(ಸ)ರು ತಮ್ಮ ಬರಹಗಾರರಾಗಿದ್ದ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಗಳ ಬರಹವನ್ನು ಕಲಿಯಲು ಹೇಳಿದರು. ಅವರು ಕೆಲವೇ ದಿನಗಳಲ್ಲಿ ಕಲಿತರು ಎಂದು ಹದೀಸ್ ಗ್ರಂಥಗಳಲ್ಲಿದೆ. ಜನರ ಭಾಷೆ ಬಣ್ಣಗಳ ವೈವಿಧ್ಯ ಅಲ್ಲಾಹನ ನಿದರ್ಶನಗಳಲ್ಲಿ ಒಂದೆಂದು ಸೂರಃ ಅರ್‍ರೂಮ್ ತಿಳಿಸುತ್ತದೆ. ಪರಭಾಷೆ ಕಲಿಯುವುದು ಕೇವಲ ಹೊಟ್ಟೆಪಾಡಿನ ಕೆಲಸವಲ್ಲ.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಕನ್ನಡದ ದೊಡ್ಡ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಬ್ರೆಮರ್‌ಹಾಫನ್‌ನಿಂದ ಪಶ್ಚಿಮಕ್ಕೆ, ಅದೇ ಉತ್ತರ ಸಮುದ್ರದ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅವರು 1853ರಲ್ಲಿ ನಮ್ಮ ನಾಡಿಗೆ ಬಂದರು. ಅವರು ಬಂದ ಉದ್ದೇಶ ಕ್ರೈಸ್ತ ಧರ್ಮಪ್ರಚಾರ. ಅದು ಬೇರೆ ಮಾತು. ಆದರೆ ಈ ಮಣ್ಣಿನ ಭಾಷೆಯನ್ನು ದಶಕಗಳ ಕಾಲ ಕಲಿತು, 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ನಿಘಂಟು ಹೊರತಂದರು. ಆ ಕರಾವಳಿಯಿಂದ ಬಂದ ಪರದೇಶಿಯನ್ನು ಕನ್ನಡಿಗರು ಇಂದಿಗೂ ತಮ್ಮವನೆಂದು ನೆನೆಯುವುದು ಭಾಷೆಯ ಕಾರಣದಿಂದ. ನಮ್ಮ ಮಕ್ಕಳು ಆ ಕರಾವಳಿಗೆ ಹೋಗುವಾಗಲೂ ಅದೇ ದಾರಿ.

ಹಣದ ಲೆಕ್ಕ

ವಿದ್ಯಾರ್ಥಿ ವೀಸಾಕ್ಕೆ 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಅಂದರೆ ಹನ್ನೊಂದು ಲಕ್ಷ ರೂಪಾಯಿಗೂ ಹೆಚ್ಚು. ಹೊರಡುವ ಮುಂಚೆ ಮೊತ್ತ ಬದಲಾಗಿದೆಯೇ ಎಂದು ರಾಯಭಾರ ಕಚೇರಿಯ ಮಾಹಿತಿ ನೋಡಿಕೊಳ್ಳಿ. ಇದು ಫೀಸ್ ಅಲ್ಲ, ಏಜೆಂಟನಿಗೆ ಕೊಡುವ ಹಣವೂ ಅಲ್ಲ. ಅದು ನಿಮ್ಮ ಮಗನದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊನಂತೆ ಅವನ ಕೈಗೆ ಬರುತ್ತದೆ. ಅದರಲ್ಲೇ ಬಾಡಿಗೆ, ಊಟ, ಆರೋಗ್ಯ ವಿಮೆ. ವಿಮೆ ಕಡ್ಡಾಯ, ವಿದ್ಯಾರ್ಥಿಗೆ ತಿಂಗಳಿಗೆ ನೂರೈವತ್ತು ಯೂರೊ ಆಸುಪಾಸು ಬೀಳುತ್ತದೆ. ಭಾರತದ ಪದವಿಗಳನ್ನು ಪರಿಶೀಲಿಸಿ ಕೊಡುವ ಎ.ಪಿ.ಎಸ್. ಪ್ರಮಾಣಪತ್ರವೂ 2022ರ ನವೆಂಬರ್‌ನಿಂದ ಬೇಕಾಗಿದೆ.

ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ. ಸೆಮಿಸ್ಟರ್‌ಗೆ ಕೆಲವು ನೂರು ಯೂರೊ ಕಟ್ಟಿದರಾಯಿತು. ಖಾಸಗಿ ಕಾಲೇಜುಗಳು ಲಕ್ಷಗಟ್ಟಲೆ ಕೇಳುತ್ತವೆ, ಕನ್ಸಲ್ಟೆನ್ಸಿಗಳಿಗೆ ಕಮಿಷನ್ ಬರುವುದೂ ಇಂಥಲ್ಲೇ. 'ಸೀಟು ಸುಲಭವಾಗಿ ಸಿಗುತ್ತದೆ' ಎಂದರೆ ಏಕೆ ಸುಲಭ ಎಂದು ಕೇಳಿ. ಕೆಲಸಕ್ಕೆ ಕಳುಹಿಸುವ ಏಜೆಂಟನಾದರೆ 1983ರ ವಲಸೆ ಕಾಯ್ದೆಯಡಿ ಅವನು ನೋಂದಾಯಿತನಾಗಿರಬೇಕು, ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯುವಂತಿಲ್ಲ. ನೋಂದಾಯಿತರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಐದು ನಿಮಿಷ ನೋಡಿದರೆ ಐದು ಲಕ್ಷ ಉಳಿದೀತು.

ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೊ ಇತ್ತು. ಕೇಳಲು ದೊಡ್ಡ ಮೊತ್ತ, ಆದರೆ ಖರ್ಚೂ ಯೂರೊದಲ್ಲೇ. ಬಡ್ಡಿ ಸಾಲ ಮಾಡಿ ಕಳುಹಿಸಿ, 'ಆರು ತಿಂಗಳಾಯಿತು, ಇನ್ನೂ ಹಣ ಬರಲಿಲ್ಲ' ಎಂದು ಫೋನಿನಲ್ಲಿ ಒತ್ತಾಯಿಸಿದರೆ ಹುಡುಗ ಮಿತಿ ಮೀರಿ ಕೆಲಸಕ್ಕೆ ಇಳಿಯುತ್ತಾನೆ. ಓದು ಹಾಳಾಗುತ್ತದೆ, ಸಿಕ್ಕಿಬಿದ್ದರೆ ವೀಸಾವೂ ಹೋದೀತು. ವೀಸಾದ ಷರತ್ತು ಒಂದು ಕರಾರು. ಕರಾರನ್ನು ಪಾಲಿಸಬೇಕೆಂಬುದು ಸೂರಃ ಅಲ್-ಮಾಇದಃದ ಮೊದಲ ಆದೇಶ. ಅಲ್ಲಿ ಮುಸ್ಲಿಮರೊಂದಿಗಿನ ಕರಾರು, ಇತರರೊಂದಿಗಿನ ಕರಾರು ಎಂಬ ಭೇದವಿಲ್ಲ.

ಮೊದಲ ತಿಂಗಳ ಕೆಲಸಗಳು

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕನ ಸಹಿ ಇರುವ ಪತ್ರ ಬೇಕು. ಆದ್ದರಿಂದ 'ವಿಳಾಸ ಹಾಕುವಂತಿಲ್ಲ, ಸುಮ್ಮನೆ ಇರು' ಎನ್ನುವ ರೂಮನ್ನು ಹಿಡಿಯಬಾರದು. ನೋಂದಣಿಯ ವೇಳೆ ಧರ್ಮ ಯಾವುದೆಂದು ಕೇಳಿದರೆ ಹೆದರಬೇಕಿಲ್ಲ. ಅದು ಚರ್ಚಿನ ಸದಸ್ಯರಿಂದ ಚರ್ಚ್ ತೆರಿಗೆ ಹಿಡಿಯುವುದಕ್ಕಾಗಿ. ಮುಸ್ಲಿಮರಿಗೆ ಆ ತೆರಿಗೆ ಇಲ್ಲ. ತಂದ ವೀಸಾ ಮುಗಿಯುವ ಮುಂಚೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಪಡೆಯಬೇಕು.

ಸರ್ಕಾರ, ಬ್ಯಾಂಕು, ವಿಮಾ ಕಂಪನಿಗಳ ವ್ಯವಹಾರ ಈಗಲೂ ಹೆಚ್ಚಾಗಿ ಅಂಚೆ ಪತ್ರದಲ್ಲಿ ನಡೆಯುತ್ತದೆ. ಪತ್ರದಲ್ಲಿ ಗಡುವು ಇರುತ್ತದೆ. ತೆರೆಯದೆ ಮೂಲೆಗಿಟ್ಟರೆ ದಂಡ ಬೆಳೆಯುತ್ತಾ ಹೋಗುತ್ತದೆ. ರೇಡಿಯೊ, ಟಿ.ವಿ. ಇಲ್ಲದಿದ್ದರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕವಿದೆ. ಹಲವರು ಕೂಡಿ ಇದ್ದರೆ ಇಡೀ ಮನೆಗೆ ಒಂದೇ. ಟಿಕೆಟ್ ಇಲ್ಲದೆ ರೈಲು, ಬಸ್ ಹತ್ತಿ ಸಿಕ್ಕರೆ 60 ಯೂರೊ ದಂಡ.

ನೆರೆಹೊರೆಯ ರೀತಿಯೂ ಗೊತ್ತಿರಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ದಿನಸಿ ತಂದಿಡಬೇಕು. ಕಾಗದ, ಪ್ಲಾಸ್ಟಿಕ್, ಅಡುಗೆ ಮನೆಯ ಕಸ ಬೇರೆ ಬೇರೆ ಡಬ್ಬಕ್ಕೆ ಹಾಕಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ. ಬಾಟಲಿ ಮರಳಿಸಿದರೆ ವಾಪಸ್. ಕರಾವಳಿಯವರು ಬೆಳಿಗ್ಗೆ ಇರಲಿ, ರಾತ್ರಿ ಇರಲಿ 'ಮೊಯಿನ್' ಎಂದು ಮಾತಾಡಿಸುತ್ತಾರೆ. ಮಾತು ಅಷ್ಟೇ, ಮುಂದೆ ಹರಟೆ ಇಲ್ಲ. ಅದು ಅಸಡ್ಡೆಯಲ್ಲ, ಅವರ ಸ್ವಭಾವ. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿ(ಸ)ರು ಎಷ್ಟು ಒತ್ತಿ ಹೇಳಿದರೆಂದು ನಮಗೆ ಗೊತ್ತು. ಅಲ್ಲಿ ಆ ಹಕ್ಕು ಮೌನದಲ್ಲೂ ಕಸದ ಡಬ್ಬದಲ್ಲೂ ಇದೆ.

ನಮಾಝ್, ಉಪವಾಸ, ಊಟ

ಇಲ್ಲಿ ನಾವು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ ಕಿಬ್ಲಾ ಹಿಡಿಯುತ್ತೇವೆ. ಬ್ರೆಮರ್‌ಹಾಫನ್‌ನಲ್ಲಿ ಕಿಬ್ಲಾ ಆಗ್ನೇಯ ದಿಕ್ಕಿಗೆ.

ವೇಳೆಯ ವ್ಯತ್ಯಾಸ ಇನ್ನೂ ದೊಡ್ಡದು. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ನಂತರ, ಮುಳುಗುವುದು ನಾಲ್ಕು ಗಂಟೆ ಕಳೆಯುತ್ತಿದ್ದಂತೆ. ಝುಹರ್, ಅಸರ್, ಮಗ್ರಿಬ್ ಮೂರೂ ನಾಲ್ಕು ಗಂಟೆಯ ಅವಧಿಯಲ್ಲೇ ಶುರುವಾಗುತ್ತವೆ; ತರಗತಿಯಲ್ಲೋ ಡ್ಯೂಟಿಯಲ್ಲೋ ಮರೆತರೆ ಎರಡು ಹೊತ್ತು ಕೈತಪ್ಪುತ್ತದೆ. ಜೂನ್‌ನಲ್ಲಿ ಇದಕ್ಕೆ ವಿರುದ್ಧ. ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಇಳಿಯುವುದೇ ಇಲ್ಲ. ನಡುರಾತ್ರಿಯಲ್ಲೂ ಆಕಾಶದ ಅಂಚಿನಲ್ಲಿ ನಸುಬೆಳಕು. ಆಗ ಇಶಾ ಯಾವಾಗ, ಸಹರಿ ಯಾವಾಗ? ಇದಕ್ಕೆ ಆಲಿಮರು ಒಂದಕ್ಕಿಂತ ಹೆಚ್ಚು ಲೆಕ್ಕಗಳನ್ನು ಕೊಟ್ಟಿದ್ದಾರೆ, ಮಸೀದಿಯಿಂದ ಮಸೀದಿಗೆ ಪಟ್ಟಿ ಬೇರೆಯಾಗಬಹುದು. ನಮ್ಮ ಸಲಹೆ ಇಷ್ಟೆ: ಹತ್ತಿರದ ಮಸೀದಿಯ ವೇಳಾಪಟ್ಟಿ ಹಿಡಿಯಿರಿ, ಮೊಬೈಲ್ ಆಪ್ ತೋರಿಸಿ ಜಗಳ ತೆಗೆಯಬೇಡಿ. ಎರಡು ನಮಾಝ್ ಕೂಡಿಸುವ ವಿಷಯದಲ್ಲಿ ಹನಫಿ, ಶಾಫಿಈ ಅಭಿಪ್ರಾಯ ಬೇರೆ. ತಂತಮ್ಮ ಆಲಿಮರನ್ನು ಕೇಳಿ.

2015, 2016ರಲ್ಲಿ ರಮಝಾನ್ ಜೂನ್‌ನಲ್ಲಿ ಬಂದಾಗ ಅಲ್ಲಿನ ಉಪವಾಸ ಹದಿನೆಂಟು ಗಂಟೆ ದಾಟಿತ್ತು. ಈಗ ರಮಝಾನ್ ಚಳಿಗಾಲದತ್ತ ಸರಿಯುತ್ತಿದೆ. 2030ರ ಹೊತ್ತಿಗೆ ಅಲ್ಲಿ ಹತ್ತು ಗಂಟೆಯ ಆಸುಪಾಸಿನ ಉಪವಾಸ.

ಜರ್ಮನಿಯ ಸಂವಿಧಾನದ 4ನೇ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಶುಕ್ರವಾರ ಕೆಲಸದ ದಿನ. ಜುಮಾಕ್ಕೆ ಹೋಗಬೇಕಾದರೆ ಊಟದ ಬಿಡುವನ್ನು ಹೊಂದಿಸಿಕೊಡಲು ಮೇಲಧಿಕಾರಿಯನ್ನು ಮೊದಲೇ ಕೇಳಬೇಕು. ಹೇಳದೆ ಎದ್ದು ಹೋದರೆ ಕೆಲಸವೂ ಹೋದೀತು, ಮುಂದೆ ಬರುವ ಮುಸ್ಲಿಮನ ದಾರಿಯೂ ಮುಚ್ಚೀತು. ಅಲ್ಲಿನ ಬಹಳಷ್ಟು ಮಸೀದಿಗಳನ್ನು ಕಟ್ಟಿದವರು 1961ರ ಒಪ್ಪಂದದ ನಂತರ ಕೂಲಿಗೆಂದು ಬಂದ ತುರ್ಕಿಯವರು. ಮಿನಾರವಿಲ್ಲದ, ಹಿತ್ತಿಲ ಕಟ್ಟಡದ ಮಸೀದಿಗಳೇ ಹೆಚ್ಚು. ಖುತ್ಬಾ ತುರ್ಕಿ, ಅರಬಿ ಅಥವಾ ಜರ್ಮನ್‌ನಲ್ಲಿ. ಭಾಷೆ ತಿಳಿಯದಿದ್ದರೂ ಸಫ್‌ನಲ್ಲಿ ನಿಲ್ಲುವುದನ್ನು ಬಿಡಬಾರದು. ರೂಮ್, ಕೆಲಸ, ಹಲಾಲ್ ಅಂಗಡಿಯ ಸುದ್ದಿ ಸಿಗುವುದೂ ನಮಾಝ್ ಮುಗಿದ ಮೇಲಿನ ಚಹಾದಲ್ಲೇ.

ಮಾಂಸದ ವಿಷಯದಲ್ಲಿ ಎಚ್ಚರ ಬೇಕು. ಪ್ರಾಣಿಯ ಪ್ರಜ್ಞೆ ತಪ್ಪಿಸಿ ಕೊಯ್ಯಬೇಕೆಂಬುದು ಅಲ್ಲಿನ ಕಾನೂನು; ವಿನಾಯಿತಿ ವಿರಳ. ಆದ್ದರಿಂದ 'ಹಲಾಲ್' ಎಂದು ಬೋರ್ಡಿದ್ದರೂ ಮಾಂಸ ಎಲ್ಲಿಂದ ಬರುತ್ತದೆಂದು ಕೇಳಿ ತಿಳಿಯಬೇಕು. ಪೊಟ್ಟಣದ ಮೇಲೆ 'ಶ್ವೈನ್' ಎಂದರೆ ಹಂದಿ, 'ಶ್ಪೆಕ್' ಎಂದರೆ ಅದರ ಕೊಬ್ಬಿನ ಮಾಂಸ. ಮಿಠಾಯಿಯಲ್ಲಿ 'ಗೆಲಾಟಿನೆ' ಇದ್ದರೆ ಬಿಡುವುದು ಕ್ಷೇಮ. ಮೀನಿನ ಬಂದರಾದ್ದರಿಂದ ಮೀನಿಗೆ ಬರವಿಲ್ಲ. ಅಕ್ಕಿ, ಬೇಳೆ, ಮೀನು ಇದ್ದರೆ ನಮ್ಮ ಕಡೆಯವರು ಬದುಕಬಲ್ಲರು. ಹಾಗಾಗಿ ಗಂಡುಮಕ್ಕಳಿಗೂ ಅನ್ನ, ಸಾರು ಮಾಡಲು ಕಲಿಸಿ ಕಳುಹಿಸಿ.

ಮನೆಯವರ ಪಾಲಿನ ಕೆಲಸ

ಮಲೆನಾಡಿನ ಮಕ್ಕಳಿಗೆ ಮಳೆ ಹೊಸದಲ್ಲ. ಅಲ್ಲಿಯದು ಸಣ್ಣಗೆ, ಗಾಳಿಯೊಂದಿಗೆ ಓರೆಯಾಗಿ ಹೊಡೆಯುವ ಮಳೆ, ಕೊಡೆ ನಿಲ್ಲದು. ಅದನ್ನಾದರೂ ತಡೆದಾರು. ತಡೆಯಲಾಗದ್ದು ನವೆಂಬರ್‌ನಿಂದ ಫೆಬ್ರುವರಿಯ ಕತ್ತಲೆ ಮತ್ತು ಒಂಟಿತನ. ಬೆಳಿಗ್ಗೆ ಕತ್ತಲಲ್ಲಿ ಹೊರಟು ಸಂಜೆ ಕತ್ತಲಲ್ಲಿ ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಹುಡುಗನೊಡನೆ ಮಾತಾಡುವವರಿಲ್ಲ. ಅಮ್ಮನ ಫೋನ್ ಬಂದರೆ 'ಚೆನ್ನಾಗಿದ್ದೇನೆ' ಎನ್ನುತ್ತಾನೆ. ಮನೆಯ ಒಡವೆ ಅಡವಿದೆ ಎಂದು ಗೊತ್ತಿರುವ ಮಗ ಬೇರೇನು ಹೇಳಿಯಾನು?

ಇಲ್ಲೇ ನಮ್ಮ ಹೊಣೆ ಇರುವುದು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಅವನ ಬಿಡುವು ನೋಡಿ ಫೋನ್ ಮಾಡಿ. 'ಎಷ್ಟು ಉಳಿಸಿದೆ' ಎನ್ನುವ ಮುಂಚೆ 'ಇವತ್ತು ಯಾರ ಜೊತೆ ಊಟ ಮಾಡಿದೆ' ಎಂದು ಕೇಳಿ. 'ಆಗದಿದ್ದರೆ ಹಿಂದಿರುಗಿ ಬಾ, ಮನೆಯ ಬಾಗಿಲು ತೆರೆದಿದೆ' ಎಂಬ ಮಾತನ್ನು ತಂದೆ ಬಾಯಿಬಿಟ್ಟು ಹೇಳಬೇಕು. ನಾಲ್ಕು ಜನ ಏನಂದಾರು ಎಂಬ ಭಯ ಮಗನ ಜೀವಕ್ಕಿಂತ ದೊಡ್ಡದಲ್ಲ. ನಿದ್ದೆ, ಊಟ ಬಿಟ್ಟಿದ್ದಾನೆ, ಮಾತು ಕಡಿಮೆಯಾಗಿದೆ ಎಂದು ತಿಳಿದರೆ ಡಾಕ್ಟರನ್ನು ಕಾಣಲು ಒತ್ತಾಯಿಸಿ. ಆ ವಿಮೆ ಕಟ್ಟುವುದು ಇದಕ್ಕೂ ಆಗುತ್ತದೆ. ಅಪಾಯದಲ್ಲಿ ಕರೆಯಬೇಕಾದ ಸಂಖ್ಯೆ ನಮ್ಮಲ್ಲಿರುವಂತೆ ಅಲ್ಲಿಯೂ 112. ಪಾಸ್‌ಪೋರ್ಟ್ ಕಳೆದರೆ, ಸಾವು ಸಂಭವಿಸಿದರೆ ಆ ಭಾಗಕ್ಕೆ ಹ್ಯಾಂಬರ್ಗ್‌ನ ಭಾರತೀಯ ಕಾನ್ಸುಲೇಟ್ ಇದೆ.

ಹೆಣ್ಣು ಕೊಡುವವರಿಗೆ ಒಂದು ಮಾತು. ನಿಕಾಹ್ ಆದ ಮೇಲೆ ಸರ್ಕಾರಿ ನೋಂದಣಿಯನ್ನೂ ಮಾಡಿಸಿ. ಜರ್ಮನಿಯಲ್ಲೇ ಮಸೀದಿಯಲ್ಲಿ ಮಾತ್ರ ನಡೆದ ನಿಕಾಹ್‌ಗೆ ಅಲ್ಲಿನ ಕಾನೂನಿನ ಮಾನ್ಯತೆ ಇಲ್ಲ. ನಾಳೆ ಹೆಚ್ಚುಕಡಿಮೆಯಾದರೆ ಮಗಳ ಕೈ ಬರಿದಾಗುತ್ತದೆ. ಅವಳ ಪಾಸ್‌ಪೋರ್ಟ್, ಅವಳ ಭಾಷಾ ಪ್ರಮಾಣಪತ್ರ ಅವಳ ಬಳಿಯೇ ಇರಲಿ.

ಇಸ್ಲಾಮಿನ ಮೊದಲ ಹಿಜ್‌ರತ್ ಮದೀನಾಕ್ಕಲ್ಲ, ಸಮುದ್ರ ದಾಟಿ ಹಬಶಕ್ಕೆ, ಕ್ರಿ.ಶ. 615ರಲ್ಲಿ. ಕ್ರೈಸ್ತ ರಾಜ ನಜ್ಜಾಶಿಯ ನಾಡಿನಲ್ಲಿ ಜಅ್‌ಫರ್ ಬಿನ್ ಅಬೂತಾಲಿಬ್(ರ) ಮತ್ತು ಸಂಗಡಿಗರು ವರ್ಷಗಟ್ಟಲೆ ಅಲ್ಪಸಂಖ್ಯಾತರಾಗಿ ಬಾಳಿದರು. ರಾಜನ ಮುಂದೆ ತಮ್ಮ ವಿಶ್ವಾಸವನ್ನು ಮರೆಮಾಚಲಿಲ್ಲ, ಆ ನಾಡಿನ ನೆಮ್ಮದಿಯನ್ನು ಕೆಡಿಸಲೂ ಇಲ್ಲ. ಜಅ್‌ಫರ್(ರ) ಮರಳಿದ್ದು ಹಿಜರಿ 7ರಲ್ಲಿ. ಅಷ್ಟು ಕಾಲ ಅವರ ಜೊತೆ ಸಂಗಡಿಗರ ಒಂದು ಗುಂಪು ಉಳಿದಿತ್ತು ಎಂಬುದನ್ನು ಹೋಗುವ ಮಕ್ಕಳು ಗಮನಿಸಲಿ.

ಆದ್ದರಿಂದ ಮನೆಯಲ್ಲಿ ಈ ಮಾತು ಬಂದಾಗ ಮೊದಲು ಭಾಷೆಯ ತರಗತಿಗೆ ಸೇರಿಸಿ, ಆಮೇಲೆ ಕಾಲೇಜು ಹುಡುಕಿ, ಕೊನೆಗೆ ಹಣದ ಏರ್ಪಾಡು ಮಾಡಿ. ಈಗ ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಿದ್ದಾರೆ.

ಯಾ ಅಲ್ಲಾಹ್, ದೂರದ ನಾಡಿನಲ್ಲಿರುವ ನಮ್ಮ ಮಕ್ಕಳ ಈಮಾನನ್ನೂ ಆರೋಗ್ಯವನ್ನೂ ಕಾಪಾಡು. ಅವರಿಗೆ ಒಳ್ಳೆಯ ಸಂಗಾತಿಗಳನ್ನೂ ಹಲಾಲ್ ಅನ್ನವನ್ನೂ ಕೊಡು. ಕಾದಿರುವ ತಾಯ್ತಂದೆಯರಿಗೆ ಸಹನೆಯನ್ನು ದಯಪಾಲಿಸು. ಆಮೀನ್.